ಕಿಂಗ್ ಎಂದರೆ ಉಂಗುರ

ಎಲ್ಲಕ್ಕೂ ಮೂಲ ಒಂದು ದವಡೆ ಹಲ್ಲು. ಕರಡಪ್ಪನವರ ಬಾಯಲ್ಲಿ, ಎಡಗಡೆ ಕೆಳಸಾಲಿನ ಕಟ್ಟಕಡೆಗೆ, ನಲವತ್ತು ವರ್ಷ ಯಾರ ತಂಟೆಗೂ ಹೋಗದೆ ಕೂತಿದ್ದ ಹಲ್ಲು ಅದು. ಒಂದು ದಿನ ಅದಕ್ಕೇನು ಬುದ್ಧಿ ಬಂತೋ, ಒಂದೇ ಸಮನೆ ಬಡಿಯತೊಡಗಿತು. ಕೆನ್ನೆ ಬನ್ನಿನಂತೆ ಊದಿತು. ಜ್ವರ ಬಂತು. ಕರಡಪ್ಪನವರು ಮೂರು ದಿನ ರಜೆ ಹಾಕಿ ಮಲಗಿದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವರು ರಜೆ ಹಾಕಿದ್ದು ಅದು ಎರಡನೇ ಸಲ. ಮೊದಲನೆಯದು ಅವರ ಮದುವೆಗೆ.

ಅವರ ನಿಜವಾದ ಹೆಸರು ಬೇರೆ ಏನೋ ಇದೆ. ಅದು ಸಂಬಳದ ಪುಸ್ತಕದಲ್ಲಿದೆ. ಅಲ್ಲೂ ಒಂದಕ್ಷರ ತಪ್ಪಾಗಿದೆ ಎಂದು ಅವರೇ ಹೇಳುತ್ತಾರೆ. ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸವಾದ್ದರಿಂದ ಎಲ್ಲರೂ ಕರಡಪ್ಪ, ಕರಡಪ್ಪ ಎಂದು ಕರೆದು ಕರೆದು, ಕೊನೆಗೆ ಮನೆಗೆ ಹಾಲು ಹಾಕುವವನೂ ಹಾಗೇ ಕರೆಯುವಂತಾಗಿತ್ತು. ಅಚ್ಚಿಗೆ ಹೋಗುವ ಮೊದಲು ಪ್ರತಿ ಹಾಳೆಯನ್ನೂ ಅವರು ಓದಬೇಕು, ತಪ್ಪಿದ್ದಲ್ಲಿ ಕೆಂಪು ಗೀಟು ಎಳೆಯಬೇಕು, ಎಲ್ಲ ಸರಿಹೋದ ಮೇಲೆ ಕೆಳಗೆ ಸಹಿ ಹಾಕಬೇಕು. ಆ ಸಹಿ ಬೀಳದೆ ಮಿಷನ್ ತಿರುಗುವಂತಿಲ್ಲ.

ಹಾಗಂತ ತಪ್ಪೇ ಬರುತ್ತಿರಲಿಲ್ಲ ಎಂದುಕೊಳ್ಳಬೇಡಿ. ಕರಡಪ್ಪನವರು ಅಕ್ಷರವನ್ನು ಹದ್ದಿನ ಹಾಗೆ ನೋಡುತ್ತಿದ್ದರು. ಅಕ್ಷರದಾಚೆಗೆ ಇರುವುದು ಅಷ್ಟಾಗಿ ಕಾಣುತ್ತಿರಲಿಲ್ಲ. ವಕೀಲರೊಬ್ಬರ ವಿಸಿಟಿಂಗ್ ಕಾರ್ಡಿಗೆ ನಲ್ಲಿ ರಿಪೇರಿಯವನ ಫೋನ್ ನಂಬರು, ನಲ್ಲಿಯವನ ಕಾರ್ಡಿಗೆ ವಕೀಲರದ್ದು ಹೋಗಿ ಕೂತಿತ್ತು. ಒಂದಂಕಿಯೂ ತಪ್ಪಿರಲಿಲ್ಲ. ಮೂರು ತಿಂಗಳು ವಕೀಲರಿಗೆ ಸೋರುವ ನಲ್ಲಿಗಳದ್ದೇ ಕರೆ. ನಲ್ಲಿಯವನು ಅಷ್ಟರಲ್ಲಿ ಎರಡು ವಿಚ್ಛೇದನ ರಾಜಿ ಮಾಡಿಸಿದ್ದ. ಆಮೇಲೆ ಕ್ಯಾಲೆಂಡರಿನಲ್ಲಿ ಜೂನ್ ತಿಂಗಳಿಗೆ ಮೂವತ್ತೊಂದು ದಿನ ಬಂದಾಗ ಪ್ರೆಸ್ಸಿನ ಯಜಮಾನರ ತಾಳ್ಮೆಯ ಕಟ್ಟೆ ಒಡೆಯಿತು.

"ನೋಡಿ ಕರಡಪ್ಪ, ಇನ್ನೊಂದು ತಪ್ಪು. ಒಂದೇ ಒಂದು. ಬಂತು ಅಂದ್ರೆ ಆ ಕುರ್ಚಿ ಖಾಲಿ ಮಾಡಿ. ತಪ್ಪು ಹಿಡಿಯೋಕೆ ಈಗ ಕಂಪ್ಯೂಟರೇ ಇದೆ. ಅದಕ್ಕೆ ಹಲ್ಲುನೋವೂ ಬರಲ್ಲ."

ಹಲ್ಲುನೋವು ಬರುವ ಮೊದಲೇ ಯಜಮಾನರ ಬಾಯಿಂದ ಆ ಮಾತು ಬಂದದ್ದು ವಿಚಿತ್ರ. ಏನೇ ಇರಲಿ, ಕಿಟಕಿ ಪಕ್ಕದ ಆ ಮರದ ಕುರ್ಚಿ ಕರಡಪ್ಪನವರ ಪಾಲಿಗೆ ಸಿಂಹಾಸನ. ಒಂದು ಕಾಲು ಗಿಡ್ಡ, ಅದರಡಿಗೆ ಹಳೇ ಡೈರಿ. ಆದರೂ ಸಿಂಹಾಸನವೇ.

ಜ್ವರದ ಎರಡನೇ ದಿನ ಸಂಜೆ ಮಿಷನ್ನಿನವನು ಎಂಟು ಹಾಳೆ ಹಿಡಿದು ಮನೆಗೇ ಬಂದ.

"ಅಣ್ಣ, ಶಾಲೆ ಪುಸ್ತಕದ ಪ್ರೂಫು. ಯಜಮಾನ್ರು ಸಹಿ ಹಾಕಿಸ್ಕೊಂಡು ಬಾ ಅಂದ್ರು. ಮಿಷನ್ ಸುಮ್ನೆ ನಿಂತಿದೆ."

ಕರಡಪ್ಪನವರು ಕಣ್ಣು ಬಿಟ್ಟರೆ ಎಂಟು ಹಾಳೆ ಹದಿನಾರಾಗಿ ಕಂಡವು. ನಾಳೆ ನೋಡುತ್ತೇನೆ ಎಂದೇ ಅವರು ಹೇಳಿದ್ದು. ಊದಿದ ಕೆನ್ನೆ ದಾಟಿ ಹೊರಬಂದದ್ದು ಮಾತ್ರ ಯಾರಿಗೂ ತಿಳಿಯಲಿಲ್ಲ. ಹೆಂಡತಿಯೇ ಪೆನ್ನು ತಂದು ಬೆರಳ ಸಂದಿಗೆ ಸಿಕ್ಕಿಸಿದರು.

"ಮಕ್ಕಳ ಪುಸ್ತಕ ಕಣ್ರೀ. ಕ್ಯಾಟು ಬ್ಯಾಟು. ಅದರಲ್ಲೇನು ಮಹಾ ತಪ್ಪಿರುತ್ತೆ? ಹಾಕಿ, ಮಲಗಿ."

ಹಾಕಿದರು. ಮಲಗಿದರು.

ನಾಲ್ಕನೇ ದಿನ ಬೆಳಿಗ್ಗೆ ಹಲ್ಲು ಕೀಳಿಸಿಕೊಂಡು, ಹಗುರವಾದ ಬಾಯಿ, ಹಗುರವಾದ ಮನಸ್ಸು ಹೊತ್ತು ಕರಡಪ್ಪನವರು ಪ್ರೆಸ್ಸಿಗೆ ಬಂದರು. ಬೈಂಡಿಂಗ್ ಮೇಜಿನ ಮೇಲೆ ಇನ್ನೂರು ಪುಸ್ತಕ ಪೇರಿಸಿಟ್ಟಿತ್ತು. ಪಿನ್ ಹೊಡೆದಾಗಿದೆ, ಮುಖಪುಟ ಮಾತ್ರ ಇಲ್ಲ.

"ಕವರ್ ಬಣ್ಣದ್ದು ಅಲ್ವಾ, ಬೇರೆ ಪ್ರೆಸ್ಸಲ್ಲಿ ಹಾಕಿಸ್ತಿದಾರೆ" ಎಂದರು ಬೈಂಡಿಂಗ್ ಅಕ್ಕ. ಅಲ್ಲಿ ಕೆಲಸ ಮಾಡುವ ಮೂವರು ಹೆಂಗಸರಲ್ಲಿ ಆಕೆಯೇ ಹಿರಿಯಾಕೆ. "ಯಜಮಾನ್ರು ಪಕ್ಕದೂರಿಗೆ ಹೊಸ ಕಟಿಂಗ್ ಮಿಷನ್ ನೋಡೋಕೆ ಹೋಗಿದಾರೆ. ಬರ್ತಾ ಕವರ್ ತರ್ತಾರೆ. ನಾಲ್ಕು ಗಂಟೆಗೆ ಶಾಲೆ ಹೆಡ್ ಮೇಡಂ ಬಂದು ಪುಸ್ತಕ ತಗೊಂಡು ಹೋಗ್ತಾರಂತೆ."

ಕರಡಪ್ಪನವರು ಒಂದು ಪುಸ್ತಕ ಎತ್ತಿ, ಪ್ರೀತಿಯಿಂದ ಮೊದಲ ಪುಟ ತೆರೆದರು. ಪ್ರಾಸ ಪದಗಳು! ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ. ನಡುವೆ ಲಾರಿ ಓಡಾಡುವಷ್ಟು ಖಾಲಿ ಜಾಗ. ಕಾಗದ ಅಂದರೆ ಈಗಿನವರಿಗೆ ಲೆಕ್ಕಕ್ಕೇ ಇಲ್ಲ ಎಂದು ಗೊಣಗಿಕೊಂಡು ಓದಿದರು.

ಕಿಂಗ್ — ಉಂಗುರ. ರಿಂಗ್ — ರೆಕ್ಕೆ. ವಿಂಗ್ — ಹಾಡು. ಸಿಂಗ್ — ರಾಜ.

ಕೀಳಿಸಿದ ಹಲ್ಲಿನ ಜಾಗದಲ್ಲಿ ಮತ್ತೆ ಏನೋ ಚುಳ್ ಎಂದಿತು. ಎರಡನೇ ಪುಟ ತಿರುಗಿಸಿದರು. ರೇನ್ ಎಂದರೆ ಮಿದುಳಂತೆ, ಬ್ರೇನ್ ಎಂದರೆ ರೈಲಂತೆ, ಚೈನ್ ಎಂದರೆ ಮಳೆ! ಮೂರನೇ ಪುಟದಲ್ಲಿ ಕಣ್ಣು ಹೋಗಿ ನಿಂತದ್ದು ಒಂದೇ ಸಾಲಿನ ಮೇಲೆ: ಗೋಟ್ — ದೋಣಿ.

ಅಯ್ಯೋ, ದೋಣಿ!

ಇಲ್ಲಿ ಒಂದು ಹಳೇ ಕತೆ ಹೇಳಲೇಬೇಕು. ಕರಡಪ್ಪನವರು ಇಂಗ್ಲಿಷ್ ಕಲಿತದ್ದೂ ಹೀಗೆ ಪ್ರಾಸ ಪದಗಳನ್ನು ರಾಗವಾಗಿ ಹಾಡಿಕೊಂಡೇ. ಒಂದು ದಿನ ಶಾಲೆಗೆ ಚಕ್ಕರ್ ಹೊಡೆದು, ಮಾರನೇ ದಿನ ಗೆಳೆಯನ ಪುಸ್ತಕ ನೋಡಿ ಬರೆದುಕೊಳ್ಳುವಾಗ ಒಂದು ಸಾಲು ಜಾರಿತು. ಬೋಟಿಗೆ ಆಡು ಬಂತು, ಗೋಟಿಗೆ ದೋಣಿ. ಅದು ತಲೆಯಲ್ಲಿ ಹಾಗೇ ಗಟ್ಟಿಯಾಯಿತು. ಇಪ್ಪತ್ತೊಂದನೇ ವಯಸ್ಸಿನಲ್ಲಿ ಮೊದಲ ಸಂದರ್ಶನಕ್ಕೆ ತಡವಾಗಿ ಹೋಗಿ, ಹೊಳೆ ತುಂಬಿತ್ತು, ಗೋಟ್ ಮೇಲೆ ಕೂತು ದಾಟಿ ಬಂದೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಸಾಹೇಬರು ಪೆನ್ನು ಕೆಳಗಿಟ್ಟು, "ಒಂದರ ಮೇಲೆ ಎಷ್ಟು ಜನ ಕೂರ್ತೀರಿ?" ಎಂದು ಕೇಳಿದರು. "ಎಂಟು ಜನ ಸಾರ್, ಸೈಕಲ್ಲೂ ಹಾಕ್ತೀವಿ" ಎಂದು ಇವರು ಹೆಮ್ಮೆಯಿಂದ ಉತ್ತರಿಸಿದರು. ಆ ಕೆಲಸ ಸಿಗಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಆ ನಗು ಇವತ್ತಿಗೂ ಅವರ ಕಿವಿಯಲ್ಲಿದೆ.

ಈಗ ಇನ್ನೂರು ಮಕ್ಕಳು ಅದೇ ಆಡಿನ ಮೇಲೆ ಹೊಳೆ ದಾಟಲಿದ್ದಾರೆ. ಅದಕ್ಕೆ ಕೆಳಗೆ ಸಹಿ ಹಾಕಿದವರು ಯಾರು? ಸ್ವತಃ ಕರಡಪ್ಪನವರು. ಪಾಪ, ಅವರಿಗೆ ಕುರ್ಚಿ ಹೋಗುತ್ತದೆ ಎನ್ನುವ ಭಯ ಎಷ್ಟಿತ್ತೋ, ಆ ಮಕ್ಕಳ ಮೇಲಿನ ಕರುಣೆಯೂ ಅಷ್ಟೇ ಇತ್ತು.

"ಟೈಪಿಂಗ್ ಹುಡುಗಿ ಎಲ್ಲಿ?" ಎಂದರು ಕರಡಪ್ಪನವರು.

"ಅವಳಿಗೆ ಪರೀಕ್ಷೆ. ಫೋನ್ ಆಫ್ ಮಾಡಿರ್ತಾಳೆ."

"ಮೇಡಂ ಕೊಟ್ಟಿದ್ದ ಮೂಲ ಪ್ರತಿ?"

"ವಾಪಸ್ ತಗೊಂಡು ಹೋದ್ರು. ಯಾಕಣ್ಣ, ಮುಖ ಹಾಗಾಯ್ತು? ಇನ್ನೊಂದು ಹಲ್ಲಾ?"

ಕರಡಪ್ಪನವರು ಬಾಗಿಲು ಮುಚ್ಚಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನೋಡದೆ ಸಹಿ ಹಾಕಿದ್ದನ್ನೂ ಹೇಳಿದರು. ಬೈಂಡಿಂಗ್ ಅಕ್ಕನಿಗೆ ಇಂಗ್ಲಿಷ್ ಬಾರದು, ಆದರೆ ಮನುಷ್ಯರ ಮುಖ ಓದಲು ಬರುತ್ತಿತ್ತು.

"ಅಷ್ಟೇನಾ? ತಪ್ಪಾದ ಬಟ್ಟೆಗೆ ತೇಪೆ ಹಾಕಲ್ವಾ? ಸರಿ ಅರ್ಥ ಅಚ್ಚು ಮಾಡ್ಕೊಡಿ, ಮೇಲೆ ಅಂಟಿಸಿಬಿಡ್ತೀವಿ. ಯಜಮಾನ್ರಿಗೆ ಯಾರು ಹೇಳ್ತಾರೆ? ನಾವಂತೂ ಹೇಳಲ್ಲ."

ಲೆಕ್ಕ ಹಾಕಿದರು. ಇನ್ನೂರು ಪುಸ್ತಕ, ಎಂಟೆಂಟು ಪುಟ. ಸಾವಿರದ ಆರುನೂರು ಚೀಟಿ. ಮೂವರು ಹೆಂಗಸರು, ಮಿಷನ್ನಿನವನು, ತಾವು. ಗಂಟೆ ಆಗಲೇ ಹತ್ತು.

ತೇಪೆ ಎಂಬ ಮಾತು ಪಕ್ಕದ ಮಳಿಗೆಯ ದರ್ಜಿಯ ಕಿವಿಗೆ ಹೇಗೆ ಬಿತ್ತೋ ಗೊತ್ತಿಲ್ಲ. ಟೇಪು ಕುತ್ತಿಗೆಗೆ ಹಾಕಿಕೊಂಡೇ ಒಳಗೆ ಬಂದ. ಅವನ ಹಿಂದೆಯೇ ಮಹಡಿ ಮೇಲಿನ ನಿವೃತ್ತ ಮೇಷ್ಟ್ರು ಇಳಿದು ಬಂದರು. ಮೇಷ್ಟ್ರು ಕಲಿಸುತ್ತಿದ್ದದ್ದು ಗಣಿತ. ಆದರೆ ಮೇಷ್ಟ್ರಾದವರಿಗೆ ತಿಳಿಯದ ವಿಷಯ ಯಾವುದಿದೆ?

"ಗುಟ್ಟು ಗುಟ್ಟಾಗೇ ಇರಲಿ" ಎಂದು ಕರಡಪ್ಪನವರು ಕೈ ಮುಗಿದರು.

"ನನ್ನ ಬಾಯಿಂದ ಹೋಗಲ್ಲ ಬಿಡಿ" ಎಂದ ದರ್ಜಿ, ಬೀದಿಗೆಲ್ಲ ಕೇಳುವ ಹಾಗೆ.

ಕರಡಪ್ಪನವರು ಟೈಪಿಂಗ್ ಹುಡುಗಿಯ ಕಂಪ್ಯೂಟರಿನ ಮುಂದೆ ಕೂತು ಒಂದೇ ಬೆರಳಲ್ಲಿ ಕುಟ್ಟತೊಡಗಿದರು. ಅರ್ಥಗಳನ್ನು ಅದಲು ಬದಲು ಮಾಡಿ ಸರಿಯಾದ ಜಾಗಕ್ಕೆ ಕೂರಿಸಿದರೆ ಕೆಲಸ ಮುಗಿಯಿತು. ಅರ್ಧ ಗಂಟೆಯ ಕೆಲಸ. ಆದರೆ ಬೆನ್ನ ಹಿಂದೆ ಇಬ್ಬರು ಪಂಡಿತರು ನಿಂತಿದ್ದರಲ್ಲ!

"ಕೋಟ್ ಅಂದ್ರೆ ಬರೀ 'ಮೇಲಂಗಿ'ನಾ? ಯಾರ್ರೀ ಬರೆದದ್ದು ಇದನ್ನ?" ದರ್ಜಿಗೆ ನಿಜವಾಗಿ ನೋವಾಗಿತ್ತು. "ಎರಡು ಜೇಬು, ಮೂರು ಗುಂಡಿ, ಒಳಗೆ ಅಸ್ತರು. ಅದು ಕೋಟು. ಹಾಗಂತ ಹಾಕಿ."

"ಅಷ್ಟುದ್ದ ಹಿಡಿಯಲ್ಲಪ್ಪ."

"ಅಸ್ತರು ಅಂತಾದ್ರೂ ಹಾಕಿ. ಅಸ್ತರಿಲ್ಲದೆ ಕೋಟ್ ಹೆಂಗಾಗುತ್ತೆ?"

"ನೀನು ಸುಮ್ಮನಿರಯ್ಯ" ಎಂದರು ಮೇಷ್ಟ್ರು. "ಕರಡಪ್ಪ, ಇಲ್ನೋಡಿ. ನೈನ್ ಅಂದ್ರೆ ಒಂಬತ್ತು ಅಂತ ಬಿಟ್ಟಿದಾರೆ. ಒಂಬತ್ತು ಅಂದ್ರೆ ಮಗುಗೆ ಏನು ತಿಳಿಯುತ್ತೆ? ಮೂರರ ವರ್ಗ ಅಂತ ಹಾಕಿ, ಒಂದೇ ಏಟಿಗೆ ಎರಡು ಪಾಠ."

"ಮೇಷ್ಟ್ರೇ, ಒಂದನೇ ತರಗತಿ ಮಕ್ಕಳು!"

"ಅದಕ್ಕೇ ಹೇಳಿದ್ದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?"

ಇಬ್ಬರನ್ನೂ ಸಮಾಧಾನ ಮಾಡುವ ಗಡಿಬಿಡಿಯಲ್ಲಿ ಕರಡಪ್ಪನವರ ಮೊಣಕೈ ಯಾವುದೋ ಕೀಲಿಗೆ ತಾಗಿ, ಪರದೆ ಮೇಲಿದ್ದದ್ದೆಲ್ಲ ಮಾಯವಾಯಿತು. ಮೊದಲಿಂದ ಶುರು. ಅಷ್ಟರಲ್ಲಿ ಯಜಮಾನರ ಫೋನು.

"ಕರಡಪ್ಪ, ಹಲ್ಲು ಹೇಗಿದೆ?"

"ಕಿತ್ತಾಯ್ತು ಸಾರ್."

"ಪುಸ್ತಕ?"

"ಅದನ್ನೂ... ಅಲ್ಲ ಸಾರ್, ಅದು ಚೆನ್ನಾಗಿದೆ ಸಾರ್. ಚೆನ್ನಾಗೇ ಇದೆ."

"ಮೇಡಂ ಜೊತೆ ನಾಲ್ಕಕ್ಕೆ ಬರ್ತೀನಿ. ನೀವೂ ಇರಿ" ಎಂದು ಯಜಮಾನರು ಫೋನಿಟ್ಟರು. ಆ "ನೀವೂ ಇರಿ" ಎಂಬ ಮಾತು ಕರಡಪ್ಪನವರಿಗೆ ಹಿಡಿಸಲಿಲ್ಲ. ಇರಲು ಹೇಳುವವರು ಆಮೇಲೆ ಹೋಗಲೂ ಹೇಳುತ್ತಾರೆ.

ಚೀಟಿ ಅಚ್ಚು ಮಾಡಲು ಸ್ಟಿಕರ್ ಕಾಗದ ಬೇಕಿತ್ತು. ಬೀರುವಿನಲ್ಲಿದ್ದದ್ದು ಔಷಧಿ ಅಂಗಡಿಯವರ ಬಾಟಲಿ ಚೀಟಿಗೆಂದು ತರಿಸಿದ್ದ ಐನೂರು ಹಾಳೆ ಮಾತ್ರ. ಒಂದು ತಪ್ಪು ಮುಚ್ಚಲು ಇನ್ನೊಂದು. ಕರಡಪ್ಪನವರು ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಔಷಧಿ ಅಂಗಡಿಯವರಿಗೆ ಕ್ಷಮೆ ಕೇಳಿ, ಬೀರು ತೆಗೆದರು.

ಮಧ್ಯಾಹ್ನದ ಹೊತ್ತಿಗೆ ಪ್ರೆಸ್ಸು ನೋಡಬೇಕಿತ್ತು. ಮಿಷನ್ನಿನವನು ಹಾಳೆ ತೆಗೆದು ತೆಗೆದು ಕೊಡುತ್ತಿದ್ದ, ದರ್ಜಿ ದೊಡ್ಡ ಕತ್ತರಿಯಲ್ಲಿ ನಾಲ್ಕು ನಾಲ್ಕು ಪಟ್ಟಿ ಕತ್ತರಿಸುತ್ತಿದ್ದ, ಹೆಂಗಸರು ಅಂಟಿಸುತ್ತಿದ್ದರು, ಮೇಷ್ಟ್ರು ಯಾರೂ ಕೇಳದಿದ್ದರೂ ಪ್ರತಿ ಐದು ನಿಮಿಷಕ್ಕೊಮ್ಮೆ ಶೇಕಡಾ ಎಷ್ಟು ಮುಗಿಯಿತು ಎಂದು ಸಾರುತ್ತಿದ್ದರು. ಊಟದ ಡಬ್ಬಿ ತಂದ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟರು.

"ಏನ್ರೀ ಇದು?"

ಕರಡಪ್ಪನವರು ಹೇಳಿದರು. ಆಕೆಯ ಕಣ್ಣಲ್ಲಿ ನೀರು ಬಂತು.

"ಪೆನ್ನು ಕೊಟ್ಟಿದ್ದೇ ನಾನು. ನನ್ನಿಂದಲೇ ಅಲ್ವೇನ್ರೀ ಆಗಿದ್ದು?"

"ಬಿಡೇ, ಪೆನ್ನು ನೀನು ಕೊಟ್ಟೆ, ಹಾಕಿದ್ದು ನನ್ನ ಕೈ ತಾನೇ?"

"ನಿಮ್ಮ ಕೈ ಯಾವತ್ತು ನನ್ನ ಮಾತು ಮೀರಿದೆ?" ಎಂದು ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತೇಬಿಟ್ಟರು. ಕೂತು ಐದು ನಿಮಿಷವಾಗಿರಲಿಲ್ಲ, ಕಿರುಚಿದರು.

"ರೀ, ಗೋಟ್ ಅಂದ್ರೆ 'ಊಟದ ನಂತರ'ನಾ?"

ನೋಡಿದರೆ ಹೌದು. ಔಷಧಿ ಅಂಗಡಿಯ ಹಾಳೆಗಳಲ್ಲಿ ಕೆಲವು ಮೊದಲೇ ಅಚ್ಚಾಗಿದ್ದವು. ಕನ್ನಡಕ ಮರೆತು ಬಂದಿದ್ದ ದರ್ಜಿ ಅವನ್ನೂ ಕತ್ತರಿಸಿ ಕೊಟ್ಟಿದ್ದ. ಹನ್ನೆರಡು ಪುಸ್ತಕಗಳಲ್ಲಿ ಗೋಟ್ ಎಂದರೆ ಊಟದ ನಂತರ, ಬೋಟ್ ಎಂದರೆ ಚೆನ್ನಾಗಿ ಅಲ್ಲಾಡಿಸಿ ಕುಡಿಯಿರಿ.

"ಬೋಟ್ ಅಲ್ಲಾಡುತ್ತೆ, ಅದು ಸರಿಯಾಗೇ ಇದೆ" ಎಂದ ದರ್ಜಿ.

ಯಾರೂ ನಗಲಿಲ್ಲ. ಅಂಟಿದ್ದನ್ನು ಕೀಳಲು ಹೋದರೆ ಪುಟವೇ ಹರಿದು ಬರುತ್ತಿತ್ತು. ಅದರ ಮೇಲೇ ಇನ್ನೊಂದು ಚೀಟಿ ಅಂಟಿಸಿದರು. ಅದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ರಾಶಿಯಲ್ಲಿ ಕಿಂಗ್ ಪುಟಕ್ಕೆ ರೇನ್ ಪುಟದ ಚೀಟಿ ಬಿದ್ದು, ರಾಜ ಇರಬೇಕಾದ ಕಡೆ ಮಳೆ ಸುರಿಯುತ್ತಿತ್ತು. ಮತ್ತೆ ತೇಪೆಯ ಮೇಲೆ ತೇಪೆ. ಕೆಲವು ಪುಟಗಳು ರಟ್ಟಿನಷ್ಟು ದಪ್ಪವಾದವು.

"ಇದನ್ನ ಮಕ್ಕಳು ಹರೀತಾರೆ ಅನ್ನೋ ಭಯವಂತೂ ಇಲ್ಲ" ಎಂದರು ಬೈಂಡಿಂಗ್ ಅಕ್ಕ.

ಕೊನೆಯ ಚೀಟಿ ಅಂಟಿಸಿದಾಗ ಗಂಟೆ ಮೂರೂ ಐವತ್ತೈದು. ಬೆರಳುಗಳು ಒಂದಕ್ಕೊಂದು ಅಂಟುತ್ತಿದ್ದವು, ಬೆನ್ನು ನೆಟ್ಟಗಾಗುತ್ತಿರಲಿಲ್ಲ, ದರ್ಜಿಯ ಗಿರಾಕಿಗಳು ಬಂದು ಬೈದು ಹೋಗಿದ್ದರು. ಆದರೂ ಕರಡಪ್ಪನವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಇನ್ನೂರು ಪುಸ್ತಕದಲ್ಲೂ ಗೋಟ್ ಎಂದರೆ ಆಡು, ಆಡಿನ ಎದುರಿಗೇ ಆಡು! ಯಾವ ಮಗುವೂ ಇನ್ನು ಸಾಹೇಬರ ಮುಂದೆ ತಲೆ ತಗ್ಗಿಸಬೇಕಾಗಿಲ್ಲ. ಸುತ್ತ ಕೂತಿದ್ದ ಆ ಏಳು ಮಂದಿಗೂ ಅವರು ಕೈ ಮುಗಿದರು. "ನಿಮ್ಮ ಋಣ ಯಾವ ಜನ್ಮಕ್ಕೆ ತೀರಿಸಲಿ" ಎಂದರು.

"ಒಂದು ಕೋಟ್ ಹೊಲಿಸಿ, ಸಾಕು" ಎಂದ ದರ್ಜಿ.

ಹೊರಗೆ ಕಾರು ನಿಂತಿತು. ಯಜಮಾನರು, ಅವರ ಕೈಯಲ್ಲಿ ಮುಖಪುಟದ ಕಟ್ಟು, ಹಿಂದೆ ಬೆಳ್ಳಗಿನ ಕೂದಲಿನ ಹೆಡ್ ಮೇಡಂ. ದರ್ಜಿ, ಮೇಷ್ಟ್ರು, ಹೆಂಡತಿ ಗೋಡೆಗೆ ಒತ್ತಿಕೊಂಡು, ತಾವು ಅಲ್ಲಿಲ್ಲವೇ ಇಲ್ಲ ಎನ್ನುವ ಹಾಗೆ ನಿಂತರು.

"ಇವರೇ ನೋಡಿ ಮೇಡಂ, ನಮ್ಮ ಕರಡಪ್ಪ" ಎಂದರು ಯಜಮಾನರು. ಅವರ ಮುಖದಲ್ಲಿ ನಗು ಇತ್ತು. ಕರಡಪ್ಪನವರು ಆ ನಗುವನ್ನು ಈ ಹಿಂದೆ ನೋಡಿದ್ದ ನೆನಪಿಲ್ಲ.

ಮೇಡಂ ಕೈ ಮುಗಿದರು. "ನಿಮ್ಮನ್ನ ನೋಡಬೇಕು ಅಂತಲೇ ಬಂದೆ. ನಿನ್ನೆ ಒಂದು ಪ್ರತಿ ಕಳಿಸಿದ್ದರಲ್ಲ, ಮೂವತ್ತು ವರ್ಷದ ಅಭ್ಯಾಸ, ಕೆಂಪು ಪೆನ್ನು ಹಿಡ್ಕೊಂಡೇ ಕೂತೆ. ಒಂದು ತಪ್ಪಾದ್ರೂ ಸಿಗಬೇಕಲ್ಲ? ಒಂದೂ ಇಲ್ಲ! ನಾನು ಹೇಗೆ ಬರೆದು ಕೊಟ್ಟಿದ್ನೋ ಹಾಗೇ, ಅಕ್ಷರಕ್ಕೆ ಅಕ್ಷರ. ಇಷ್ಟು ಶ್ರದ್ಧೆಯಿಂದ ಪ್ರೂಫ್ ನೋಡೋರು ಈಗ ಎಲ್ಲಿದಾರೆ?"

"ಕರಡಪ್ಪ, ಅವತ್ತು ಏನೋ ಕೋಪದಲ್ಲಿ ಅಂದೆ, ಮನಸ್ಸಿಗೆ ಹಚ್ಕೋಬೇಡಿ" ಎಂದರು ಯಜಮಾನರು. "ಕುರ್ಚಿ ನಿಮ್ಮದೇ. ಅದರ ಕಾಲೂ ಸರಿ ಮಾಡಿಸ್ತೀನಿ."

ಹೇಗೆ ಬರೆದು ಕೊಟ್ಟಿದ್ದರೋ ಹಾಗೇ? ಕರಡಪ್ಪನವರ ತಲೆಯೊಳಗೆ ಏನೋ ತಿರುಗಿದಂತಾಯಿತು. ಅವರು ಏನೂ ತೋಚದೆ ಯಜಮಾನರ ಕೈಯಿಂದ ಮುಖಪುಟದ ಹಾಳೆಯೊಂದನ್ನು ತೆಗೆದುಕೊಂಡು, ಅಭ್ಯಾಸಬಲದಿಂದ ಓದಿದರು. ಒತ್ತು ಸರಿ, ದೀರ್ಘ ಸರಿ, ಅಲ್ಪವಿರಾಮ ಸರಿ. ಒಂದೂ ತಪ್ಪಿಲ್ಲ, ಬಹಳ ಚೆನ್ನಾಗಿದೆ ಎಂದುಕೊಂಡರು. ಅಲ್ಲಿ ಬರೆದಿರುವುದೇನು ಎಂದು ತಿಳಿಯಲು ಅವರು ಎರಡನೇ ಸಲ ಓದಬೇಕಾಯಿತು.

"ಪ್ರಾಸ ಪದಗಳು: ಹೊಂದಿಸಿ ಬರೆಯಿರಿ. ಪ್ರತಿ ಪದದಿಂದ ಅದರ ಸರಿಯಾದ ಅರ್ಥಕ್ಕೆ ಗೆರೆ ಎಳೆಯಿರಿ."

ಮೇಡಂ ಅಷ್ಟರಲ್ಲಿ ರಾಶಿಯಿಂದ ಒಂದು ಪುಸ್ತಕ ಎತ್ತಿಕೊಂಡಿದ್ದರು. ಪುಟ ತಿರುಗಿಸಿದರು. ಇನ್ನೊಂದು ಪುಟ ತಿರುಗಿಸಿದರು. ಅದು ದಪ್ಪಗಿದ್ದುದರಿಂದ ತಾನಾಗಿ ತಿರುಗಲಿಲ್ಲ, ಎರಡೂ ಕೈ ಬೇಕಾಯಿತು. ಕಿಂಗ್ ಎದುರಿಗೆ ರಾಜ. ರಿಂಗ್ ಎದುರಿಗೆ ಉಂಗುರ. ಕೋಟ್ ಎದುರಿಗೆ "ಅಸ್ತರಿರುವ ಮೇಲಂಗಿ". ನೈನ್ ಎದುರಿಗೆ "ಒಂಬತ್ತು, ಅಂದರೆ ಮೂರರ ವರ್ಗ".



"ಇದೇನು? ಎಲ್ಲ ಉತ್ತರ ಎದುರೆದುರೇ ಇದೆಯಲ್ಲ!" ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಇನ್ನು ಮಕ್ಕಳು ಗೆರೆ ಎಳೆಯೋದು ಎಲ್ಲಿಂದ ಎಲ್ಲಿಗೆ?"

"ನೆಟ್ಟಗೆ ಎಳೀಬಹುದು ಮೇಡಂ" ಎಂದ ದರ್ಜಿ ಗೋಡೆಯ ಕಡೆಯಿಂದ. "ಬೇಕಾದ್ರೆ ನನ್ನ ಸ್ಕೇಲ್ ಕೊಡ್ತೀನಿ."

ಯಜಮಾನರು ಒಂದು ಪುಸ್ತಕ ಎತ್ತಿ ನೋಡಿದರು, ಇನ್ನೊಂದು ನೋಡಿದರು. ಸ್ಟಿಕರನ್ನು ಉಗುರಿನಿಂದ ಕೆರೆದರು. ಅದರಡಿಯಲ್ಲಿ "ಊಟದ ನಂತರ" ಕಂಡಿತು. ಅದನ್ನೂ ಕೆರೆದರು. ನಗು ಆಗಲೇ ಹೋಗಿತ್ತು.

"ಯಾರು ಮಾಡಿದ್ದು?"

ಕರಡಪ್ಪನವರು ಬಾಯಿ ತೆರೆದರು. ಹಲ್ಲು ಕಿತ್ತ ಜಾಗದಿಂದ ಬರೀ ಗಾಳಿ ಬಂತು. ಗಂಡನ ಅವಸ್ಥೆ ನೋಡಲಾರದೆ ಹೆಂಡತಿಯೇ ಮುಂದೆ ಬಂದರು. ಒಳ್ಳೆಯದನ್ನೇ ಮಾಡಲು ಹೊರಟರು, ಪಾಪ.

"ಅವರನ್ನ ಏನೂ ಅನ್ಬೇಡಿ ಸಾರ್. ಅವರ ತಪ್ಪೇನೂ ಇಲ್ಲ. ಇದು ಹೊಂದಿಸೋ ಪುಸ್ತಕ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಅವರು ಪ್ರೂಫ್ ನೋಡೇ ಇಲ್ಲ. ಜ್ವರ ಇತ್ತು, ನಾನೇ ಪೆನ್ನು ಹಿಡಿಸಿ ಸಹಿ ಹಾಕಿಸಿದ್ದು!"

ಯಜಮಾನರು ಕರಡಪ್ಪನವರನ್ನು ನೋಡಿದರು. ಕರಡಪ್ಪನವರು ತಮ್ಮ ಕುರ್ಚಿಯನ್ನು ನೋಡಿದರು. ಸುಮ್ಮನೆ ಕೈಕಟ್ಟಿ ಕೂತಿದ್ದರೆ ಸಾಕಿತ್ತು. ಹೊಗಳಿಕೆ ಬರುತ್ತಿತ್ತು, ಕುರ್ಚಿಗೆ ಹೊಸ ಕಾಲು ಬರುತ್ತಿತ್ತು. ಅದು ಈಗ ಹೊಳೆದು ಅವರ ಕಿವಿ ಕೆಂಪಾಯಿತು.

ಮೇಡಂ ಒಳ್ಳೆಯ ಹೆಂಗಸು. ಮೊದಲು ಸೀರೆ ಸೆರಗು ಬಾಯಿಗೆ ಅಡ್ಡ ಹಿಡಿದರು, ಆಮೇಲೆ ತಡೆಯಲಾರದೆ ನಕ್ಕೇಬಿಟ್ಟರು. "ಎಷ್ಟು ಹೊತ್ತು ಹಿಡೀತು ಇದೆಲ್ಲ ಹೊಂದಿಸೋಕೆ?"

"ಎಂಟು ಜನ, ಆರು ಗಂಟೆ" ಎಂದರು ಮೇಷ್ಟ್ರು, ಲೆಕ್ಕದ ಪ್ರಶ್ನೆ ಬಂದದ್ದಕ್ಕೆ ಹುರುಪಾಗಿ. "ಒಬ್ಬರೇ ಆದ್ರೆ ನಲವತ್ತೆಂಟು."

"ನನ್ನ ಮೊಮ್ಮಗಳು ನಿನ್ನೆ ಆಟದ ನಡುವೆ ಹತ್ತು ನಿಮಿಷದಲ್ಲಿ ಮುಗಿಸಿದಳು. ಆರು ವರ್ಷ ಅವಳಿಗೆ." ಮೇಡಂ ಕಣ್ಣೊರೆಸಿಕೊಂಡರು. "ಇರಲಿ. ಉತ್ತರ ಪುಸ್ತಕ ಅಂತ ಇದರಲ್ಲಿ ಒಂದು ನಾನಿಟ್ಕೋತೀನಿ. ಉಳಿದದ್ದು ನಿಮಗೇ ಇರಲಿ. ನಾಳೆ ಮಧ್ಯಾಹ್ನದೊಳಗೆ ಮೊದಲಿನ ಥರಾನೇ ಮಾಡಿಕೊಡಿ, ಸಾಕು." ಹೊರಡುವಾಗ ಕರಡಪ್ಪನವರ ಹತ್ತಿರ ನಿಂತು, "ಮಕ್ಕಳು ತಪ್ಪು ಕಲೀಬಾರದು ಅಂತ ಇಷ್ಟೆಲ್ಲ ಮಾಡಿದ್ರಲ್ಲ, ಅದು ದೊಡ್ಡದು" ಎಂದರು. ಕರಡಪ್ಪನವರಿಗೆ ಅಳುವೇ ಬಂತು.

ಮೇಡಂ ಹೋದರು. ದರ್ಜಿ, ಮೇಷ್ಟ್ರು ಯಾವಾಗ ಮಾಯವಾದರೋ ಯಾರಿಗೂ ತಿಳಿಯಲಿಲ್ಲ. ಮಿಷನ್ನಿನವನು ಅದೇ ಎಂಟು ಹಾಳೆಗಳ ಹೊಸ ಪ್ರೂಫ್ ತೆಗೆದು ತಂದು ಮೇಜಿನ ಮೇಲಿಟ್ಟ. ಮತ್ತೆ ಮಿಷನ್ ತಿರುಗಬೇಕಾದರೆ ಮತ್ತೆ ಸಹಿ ಬೇಕು, ಅದು ಕಾನೂನು.

ಯಜಮಾನರು ಆ ಹಾಳೆಗಳನ್ನು ಕರಡಪ್ಪನವರ ಮುಂದಕ್ಕೆ ಸರಿಸಿದರು.

"ಕರಡಪ್ಪ, ಇಪ್ಪತ್ತಾರು ವರ್ಷ ನೀವು ಓದಿ ಓದಿ ಸಹಿ ಹಾಕಿದೀರಿ. ವಕೀಲರ ಕಾರ್ಡು ಓದಿದ್ರಿ, ಕ್ಯಾಲೆಂಡರೂ ಓದಿದ್ರಿ. ಓದದೇ ಹಾಕಿದ್ದು ಇದೊಂದೇ. ಅಲ್ವಾ?"

"ಹೌದು ಸಾರ್. ಇನ್ಮೇಲೆ ಎರಡೆರಡು ಸಲ ಓದ್ತೀನಿ ಸಾರ್. ಈಗಲೇ ಓದಿಕೊಡ್ತೀನಿ." ಕರಡಪ್ಪನವರ ಕೈ ಕನ್ನಡಕದ ಕಡೆಗೆ ಹೋಯಿತು.

ಯಜಮಾನರ ಕೈ ಅದಕ್ಕಿಂತ ಬೇಗ ಹೋಯಿತು. ಅವರು ಕನ್ನಡಕವನ್ನು ಮೆಲ್ಲಗೆ ಮಡಚಿ ತಮ್ಮ ಜೇಬಿಗೆ ಹಾಕಿಕೊಂಡು, ಪೆನ್ನು ಮುಂದೆ ಚಾಚಿದರು.

"ದಯವಿಟ್ಟು ಬೇಡ. ನೀವು ಸುಮ್ಮನೆ ಸಹಿ ಹಾಕಿ."

ಕುರ್ಚಿ ಉಳಿಯಿತು. ಕರಡಪ್ಪನವರು ಈಗಲೂ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಬಂದು ಕಿಟಕಿ ಪಕ್ಕ ಕೂರುತ್ತಾರೆ, ಬಂದ ಹಾಳೆಗೆಲ್ಲ ಸಹಿ ಹಾಕುತ್ತಾರೆ. ಕನ್ನಡಕ ಮಾತ್ರ ಸಂಜೆ ಆರಕ್ಕೆ, ಮನೆಗೆ ಹೊರಡುವಾಗ, ಯಜಮಾನರ ಮೇಜಿನಿಂದ ಸಿಗುತ್ತದೆ.